ಅವಕಾಶಂ

ವಿನೋದಾ ಆಟೋದಿಂದ ಒಂದು ಕಾಲು ಕೆಳಗಿಟ್ಟಿದ್ದಳು, ಇನ್ನೊಂದು ಒಳಗೇ ಇತ್ತು. ಅಷ್ಟರಲ್ಲೇ ಫಿಲೋಮಿನ ಕೂಗಿದಳು.

“ಟೀಚರೆ, ಸ್ವಲ್ಪ ಇಲ್ಲಿ ಬನ್ನಿ. ನಮ್ಮ ಹೆಸರು ಎಲ್ಲಿದೆ, ಓದಿ ಹೇಳಿ.”

ವಿನೋದಾ ಟೀಚರಲ್ಲ. ಅಸಲಿಗೆ ಅವಳು ನಲವತ್ತೇಳನೆಯ ವಯಸ್ಸಿನಲ್ಲಿ ವಿದ್ಯಾರ್ಥಿನಿ. ಆದರೆ ಪುಸ್ತಕ ಹಿಡಿದು ಗೇಟು ದಾಟುವ ಹೆಂಗಸರನ್ನೆಲ್ಲ ಟೀಚರ್ ಅನ್ನುವುದು ಫಿಲೋಮಿನಳ ರೂಢಿ, ಇವಳೂ ಬೇಡ ಅಂದವಳಲ್ಲ. ಬೇಡ ಅನ್ನುವುದೇನು ಬಂತು, ಆ ಮಾತು ಕಿವಿಗೆ ಬಿದ್ದರೆ ಒಳಗೊಳಗೇ ಹಿಗ್ಗುತ್ತಿದ್ದಳು. ಅದರಲ್ಲೂ ಈವತ್ತು ಕೇಳಬೇಕೆ? ನಿನ್ನೆ ಭಾನುವಾರ ಕೊಚ್ಚಿಯ ಕಲೂರಿನ ಒಂದು ಸಭಾಂಗಣದಲ್ಲಿ ಎಪ್ಪತ್ತು ಜನರೆದುರು ತಾನು ಬರೆದ ಅರ್ಜಿಯೊಂದನ್ನು ಓದಿ, ಚಪ್ಪಾಳೆ ಹೊಡೆಸಿಕೊಂಡು, ಪ್ರಮಾಣಪತ್ರ ತೆಗೆದುಕೊಂಡು, ಅಲ್ಲೇ ಹಳೆಯ ನೆರೆಯವರ ಮನೆಯಲ್ಲಿ ಮಲಗಿದ್ದು, ಬೆಳಗಿನ ರೈಲಿಗೆ ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಬಂದಿಳಿದಿದ್ದಳು. ಕಾಲು ನೆಲದ ಮೇಲೆ ಇರಲಿಲ್ಲ.

ಆ ಅರ್ಜಿ ಈ ಫಿಲೋಮಿನ ಮತ್ತು ಅವಳ ಜೊತೆಯ ಮೂವರು ಹೆಂಗಸರದ್ದೇ. ನಾಲ್ವರೂ ತುಂಬಾ ಎಂಬ ಊರಿನ ಕಡಲತೀರದವರು. ಚರುವ ಎಂದು ಅವರು ಕರೆಯುವ ದೊಡ್ಡ ಅಲ್ಯುಮಿನಿಯಂ ಪಾತ್ರೆಗಳಲ್ಲಿ ಮೀನು ಹೇರಿಕೊಂಡು, ಒಂದೇ ಆಟೋದಲ್ಲಿ ಬಂದು, ಕೇಂದ್ರ ಸರ್ಕಾರಿ ನೌಕರರ ಈ ಕ್ವಾರ್ಟರ್ಸಿನ ಗೇಟಿನ ಪಕ್ಕ ಬಾದಾಮಿ ಮರದ ಕೆಳಗೆ ಕೂರುವುದು ಇಪ್ಪತ್ತೆರಡು ವರ್ಷದಿಂದ ನಡೆದುಬಂದದ್ದು. ಈಗ ಕ್ವಾರ್ಟರ್ಸಿನ ಸಮಿತಿಯವರು ಅಲ್ಲಿ ಎಂಟು ಕಟ್ಟೆ ಕಟ್ಟಿಸಿ, ಮೇಲೆ ಶೀಟು ಹೊದಿಸಿ, ನಲ್ಲಿ ಹಾಕಿಸಿದ್ದರು. ಮೊದಲಿನಿಂದ ಕೂರುತ್ತಿದ್ದವರಿಗೆ ನೇರವಾಗಿ ಕಟ್ಟೆ. ಮಿಕ್ಕ ಕಟ್ಟೆಗಳಿಗೆ ಹೊಸಬರ ಹೆಸರು ಬರೆದು ಚೀಟಿ ಎತ್ತುವುದು. ಮರದ ಕೆಳಗೆ ಇನ್ನು ಯಾರೂ ಕೂರುವಂತಿಲ್ಲ. ಸಮಿತಿಯಲ್ಲಿ ನಾಲ್ಕೈದು ರಾಜ್ಯದವರು, ಅಧ್ಯಕ್ಷರು ಒಡಿಶಾದವರು. ಹಾಗಾಗಿ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು ಎಂದು ತಾಕೀತಾಗಿತ್ತು.

ಗೇಟಿನ ಬೋರ್ಡಿಗೆ ಎರಡು ಹಾಳೆ ಅಂಟಿಸಿದ್ದರು. ಮೊದಲನೆಯದರಲ್ಲಿ ಹಳಬರು: ತರಕಾರಿಯವನು, ಎಳನೀರಿನವನು, ಇಸ್ತ್ರಿಯವನು, ಚಹಾದವನು. ಅಷ್ಟೇ. ವಿನೋದಾ ಇನ್ನೊಮ್ಮೆ ಮೇಲಿನಿಂದ ಓದಿದಳು. ಎರಡನೆಯ ಹಾಳೆಯಲ್ಲಿ ಹೊಸ ಅರ್ಜಿದಾರರು, ಮೂವತ್ತೊಂದು ಹೆಸರು. ಹನ್ನೊಂದರಿಂದ ಹದಿನಾಲ್ಕರ ತನಕ ಫಿಲೋಮಿನ ಮತ್ತು ಆ ಮೂವರು. ಕೆಳಗೆ ಸಣ್ಣ ಅಕ್ಷರದಲ್ಲಿ, ತಕರಾರು ಇದ್ದವರು ಮಂಗಳವಾರ ಸಂಜೆ ಐದರೊಳಗೆ ಬರೆದು ಕೊಡಬೇಕು ಎಂದಿತ್ತು.

“ಹೊಸಬರ ಪಟ್ಟಿಯಲ್ಲಿ ಹಾಕಿದ್ದಾರೆ. ಚೀಟಿ ಎತ್ತುತ್ತಾರಂತೆ,” ಎಂದಳು, ತರಕಾರಿ ಕೊಳ್ಳಲು ಸಾಕಾಗುವಷ್ಟಿದ್ದ ತನ್ನ ಮಲಯಾಳದಲ್ಲಿ.

“ಹೊಸಬರು? ನಾವು?” ಫಿಲೋಮಿನ ನಗಲಿಲ್ಲ, ಕೂಗಲೂ ಇಲ್ಲ. “ಈ ಗೇಟಿಗೆ ಬಣ್ಣ ಹಚ್ಚುವ ಮೊದಲೇ ನಾನು ಇಲ್ಲಿ ಕೂತವಳು. ಮೂವತ್ತು ಜನರ ಚೀಟಿಯಲ್ಲಿ ನನ್ನ ಹೆಸರು ಬಂದರೆ ಬಂತು, ಬರದಿದ್ದರೆ? ಈ ವಯಸ್ಸಿನಲ್ಲಿ ಚರುವ ಹೊತ್ತು ಮನೆಮನೆ ತಿರುಗಬೇಕಾ?”

“ಆಫೀಸಿನವರು ಏನೋ ಗೊಂದಲ ಮಾಡಿದ್ದಾರೆ. ಈಗಲೇ ಹೋಗಿ ಕೇಳುತ್ತೇನೆ,” ಎಂದಳು ವಿನೋದಾ. ಹೆಗಲಿನ ಚೀಲವನ್ನೂ ಮನೆಯಲ್ಲಿಡದೆ ನೇರ ಆಫೀಸಿನ ದಾರಿ ಹಿಡಿದಳು. ಹೆಜ್ಜೆಯಲ್ಲಿ ಒಂದು ಠೀವಿ ಇತ್ತು, ಇಲ್ಲ ಅನ್ನಲಾಗದು.

ಠೀವಿಗೆ ಕಾರಣವೂ ಇತ್ತು. ಧಾರವಾಡದಲ್ಲಿ ಡಿಗ್ರಿಯ ಎರಡನೆಯ ವರ್ಷಕ್ಕೆ ಓದು ಬಿಟ್ಟು ಹಯವದನನನ್ನು ಮದುವೆಯಾದವಳು. ಮೊದಲ ಏಳೆಂಟು ವರ್ಷ ಧಾರವಾಡದ ಕಡೆಯಲ್ಲೇ, ಆಮೇಲೆ ಕೊಚ್ಚಿಯಲ್ಲಿ ಹದಿಮೂರು ವರ್ಷ, ತಿರುವನಂತಪುರದಲ್ಲಿ ಆರು. ಮಗಳು ಅಪೂರ್ವಾ ಪ್ಲಸ್ ಟೂಗೆ ಬಂದ ಮೇಲೆ, ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಲಾರದೆ, ನಗರದ ಒಂದು ಕಾಲೇಜಿನಲ್ಲಿ ಶನಿವಾರ ಮಾತ್ರ ನಡೆಯುವ ವರ್ಷದ ಕೋರ್ಸಿಗೆ ಸೇರಿದಳು. ರಾಜಕೀಯ ಭಾಷಣ ಮತ್ತು ನಾಗರಿಕ ಬರವಣಿಗೆ ಎಂದು ಅದರ ಹೆಸರು. ಕಲಿಸುವವರು ಜೋಸೆಫ್ ಮಾಷ್, ಅಂದರೆ ಮೇಷ್ಟ್ರು. ಅವರು ಚುನಾವಣೆಯ ಭಾಷಣಗಳನ್ನು ಕೇಳಿಸಿ, ಈ ಮನುಷ್ಯ ‘ನಾನು’ ಎಂದು ಎಷ್ಟು ಸಲ ಅಂದ, ಕಷ್ಟದ ಮಾತು ಬಂದಾಗ ‘ನಾವು’ ಎಂದು ಹೇಗೆ ಜಾರಿಕೊಂಡ ಎಂದು ಗುರುತು ಹಾಕಿಸುತ್ತಿದ್ದರು. ಮೊದಲ ತಿಂಗಳು ವಿನೋದಾ ಬಾಯಿ ಬಿಡಲಿಲ್ಲ. ಎರಡನೆಯ ತಿಂಗಳಿಗೆ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು.

ಕಡೆಯ ಪರೀಕ್ಷೆಗೆ ಬದಲಾಗಿ ಒಂದು ಕೆಲಸ: ಬರೆಯಲು ಬಾರದ ಯಾರಿಗಾದರೂ ನಿಜವಾದ ಅರ್ಜಿಯೊಂದನ್ನು ಬರೆದು ನಿಜವಾದ ಕಚೇರಿಗೆ ಕೊಡಿಸಬೇಕು. ವಿನೋದಾ ದೂರ ಹುಡುಕಲಿಲ್ಲ. ಬಾದಾಮಿ ಮರದ ಕೆಳಗೆ ನೋಟ್‌ಬುಕ್ ತೆರೆದು ಕೂತಳು. ಅವಳಿಗೆ ಮಲಯಾಳದ ಲಿಪಿ ಬಸ್ಸಿನ ಬೋರ್ಡು ಓದುವಷ್ಟೇ ಬರುತ್ತದೆ. ಅದಕ್ಕೇ ಫಿಲೋಮಿನ ಹೇಳಿದ್ದನ್ನು ಕೇಳಿದ ಹಾಗೆ ಕನ್ನಡ ಅಕ್ಷರದಲ್ಲೇ ಬರೆದುಕೊಂಡಳು. “ಇದು ಞಙ್ಙಳುಡೆ ಅವಕಾಶಮಾಣ್” ಎಂದು ಫಿಲೋಮಿನ ಮೂರು ಸಲ ಹೇಳಿದಳು. ಮೂರು ಸಲವೂ ಮುಷ್ಟಿಯಿಂದ ಮೊಣಕಾಲಿಗೆ ಗುದ್ದಿಕೊಂಡಳು. ಇದು ನಮ್ಮ ಅವಕಾಶ. ಪಾಪ, ಎಷ್ಟು ಆಸೆಯಿಂದ ಕೇಳುತ್ತಾಳೆ ಎಂದು ವಿನೋದಾಳಿಗೆ ಕರುಳು ಚುರುಕ್ ಎಂದಿತು. ಮಿಕ್ಕ ಮಾತುಗಳಿಗೆ ಅಲ್ಲಲ್ಲಿ ಫೋನಿನಲ್ಲಿ ಅರ್ಥ ನೋಡಿದಳು. ಇದಕ್ಕೆ ನೋಡಲಿಲ್ಲ. ಅವಕಾಶ ಅಂದರೆ ಅವಕಾಶ, ಅದಕ್ಕೆಂಥ ನಿಘಂಟು?

ಮನೆಗೆ ಬಂದು ಮೂರು ದಿನ ಕೂತು ಇಂಗ್ಲಿಷಿನಲ್ಲಿ ತಿದ್ದಿ ತೀಡಿ ಬರೆದಳು. ಕನ್ನಡದಲ್ಲಿ ಹೇಳುವುದಾದರೆ ಅದರ ಮುಖ್ಯ ಸಾಲು ಹೀಗಿತ್ತು: ಇಪ್ಪತ್ತೆರಡು ವರ್ಷದಿಂದ ತಮ್ಮ ಬಾಗಿಲಿನ ಹೊರಗೆ ಬಿಸಿಲು ಮಳೆಯೆನ್ನದೆ ಒಂದು ಅವಕಾಶಕ್ಕಾಗಿ ಕಾದಿದ್ದೇವೆ, ದಯವಿಟ್ಟು ಆ ಒಂದು ಅವಕಾಶವನ್ನು ಕರುಣಿಸಬೇಕು. ಜೋಸೆಫ್ ಮಾಷ್ ಓದಿ, “ಯಾರನ್ನೂ ದೂರದೆ ಮನಸ್ಸು ಕರಗಿಸುತ್ತದೆ” ಎಂದರು. ಕಲೂರಿನಲ್ಲಿ ನಡೆದ ಕೋರ್ಸಿನ ಸಮಾರೋಪದಲ್ಲಿ ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಿದ್ದನ್ನು ವಿನೋದಾ ತಾನೇ ಕಂಡಿದ್ದಳು.

ಆಫೀಸಿನಲ್ಲಿ ಗುಮಾಸ್ತ ಮನೋಜ್ ಒಬ್ಬನೇ ಇದ್ದ. ಮೂವತ್ತರ ಆಸುಪಾಸಿನ ತೆಳ್ಳಗಿನ ಆಸಾಮಿ, ಈ ಊರಿನವನೇ. ವಿನೋದಾ ಕುರ್ಚಿಯನ್ನೂ ಎಳೆದುಕೊಳ್ಳದೆ ಶುರು ಮಾಡಿದಳು. ಇಪ್ಪತ್ತೆರಡು ವರ್ಷದಿಂದ ಕೂತವರು ಹೊಸಬರು ಹೇಗಾದರು? ಇಸ್ತ್ರಿಯವನು ಬಂದು ಎಂಟೇ ವರ್ಷ, ಅವನು ಹಳಬನೇ? ಅರ್ಜಿಯನ್ನು ಓದಿದಿರೋ, ಅಥವಾ ಮೀನಿನವರದ್ದು ಎಂದು ಮೂಗು ಮುಚ್ಚಿಕೊಂಡು ಬದಿಗಿಟ್ಟಿರೋ? ಕಡೆಯ ಮಾತು ಚೆನ್ನಾಗಿ ಬಂತೆಂದು ಅವಳಿಗೇ ಅನಿಸಿತು.

ಮನೋಜ್ ಫೈಲು ತೆರೆದು ಎರಡು ಕಾಗದ ಮುಂದಿಟ್ಟ. ಒಂದು ಇಸ್ತ್ರಿಯವನದ್ದು. ಐದೇ ಸಾಲು, ಸಾಲಿಗೆ ಎರಡು ಸ್ಪೆಲಿಂಗ್ ತಪ್ಪು. ಇನ್ನೊಂದು ಅವಳದ್ದು, ಅಚ್ಚುಕಟ್ಟಾಗಿ ಟೈಪು ಮಾಡಿದ್ದು.

“ಇವನು ಏನು ಬರೆದಿದ್ದಾನೆ ನೋಡಿ ಮೇಡಂ. ಎಂಟು ವರ್ಷದಿಂದ ಕೂರುತ್ತಿದ್ದೇನೆ, ಈ ಜಾಗ ನನ್ನ ರೈಟು, ಅಂತ. ಚೇರ್ಮನ್ ಸರ್ ಟಿಕ್ ಹಾಕಿದರು. ನಿಮ್ಮದನ್ನು ಎರಡು ಸಲ ಓದಿದರು. ಇವರಿಗೆ ಮೊದಲಿಂದ ಏನೂ ಇರಲಿಲ್ಲವಂತೆ, ಹೊರಗೆ ಕಾಯುತ್ತಿದ್ದರಂತೆ, ಒಂದು ಆಪರ್ಚುನಿಟಿ ಕೇಳುತ್ತಿದ್ದಾರೆ, ಹೊಸಬರ ಜೊತೆ ಕೊಡೋಣ ಅಂದರು. ಸರ್ ಬಂದು ಮೂರು ತಿಂಗಳು. ಅವರಿಗೆ ಕಾಗದದಲ್ಲಿದ್ದದ್ದೇ ಗೊತ್ತು.”

“ಆದರೆ ಆ ಹೆಂಗಸರು ಕೇಳಿದ್ದೇ ಅದನ್ನಲ್ಲವಾ? ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಅವಕಾಶಂ ಅಂತಲೇ ಹೇಳಿದರು, ಮೂರು ಸಲ.”

ಮನೋಜ್ ಅವಳ ಮುಖ ನೋಡಿದ. ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವನೇ ತಲೆ ತಗ್ಗಿಸಿದ, ತಪ್ಪು ತನ್ನದೇ ಅನ್ನುವ ಹಾಗೆ.

“ಮೇಡಂ, ಅವಕಾಶಂ ಅಂದರೆ ರೈಟ್.”

ಹಕ್ಕು. ವಿನೋದಾಳಿಗೆ ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಕುತ್ತಿಗೆ. ಹತ್ತೊಂಬತ್ತು ವರ್ಷ ಈ ರಾಜ್ಯದ ನೀರು ಕುಡಿದಿದ್ದಾಳೆ. ಹಾಲು, ತೆಂಗಿನಕಾಯಿ, ಕರೆಂಟು, ಮಗಳ ಜ್ವರ, ಎಲ್ಲವನ್ನೂ ಮಲಯಾಳದಲ್ಲಿ ದಾಟಿಸಿದ್ದಾಳೆ. ಹಕ್ಕಿನ ಮಾತಾಡುವ ಪ್ರಸಂಗ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ರಸ್ತೆಯಲ್ಲಿ ಮೆರವಣಿಗೆಯವರು ಅವಕಾಶ, ಅವಕಾಶ ಎಂದು ಕೂಗುತ್ತ ಹೋಗುವುದನ್ನು ಕೇಳಿ, ಪಾಪ, ಯಾವ ಅವಕಾಶ ತಪ್ಪಿತೋ ಎಂದುಕೊಂಡಿದ್ದಳು. ಅದೆಲ್ಲ ಒಟ್ಟಿಗೆ ನೆನಪಾಗಿ, ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು.

“ಈಗ ಏನು ಮಾಡಬಹುದು?” ಎಂದಳು.

“ನಾಳೆ ಐದರೊಳಗೆ ಇನ್ನೊಂದು ಅರ್ಜಿ ಕೊಟ್ಟರೆ ಸಮಿತಿಗೆ ವಾಪಸ್ ಹೋಗುತ್ತದೆ. ಮೊದಲಿನದ್ದು ಯಾಕೆ ತಪ್ಪಾಯಿತು ಅಂತ ಕಾರಣ ಬೇಕು. ನಾಲ್ವರ ಸಹಿ ಬೇಕು.” ಆಮೇಲೆ ಮೆಲ್ಲಗೆ ಸೇರಿಸಿದ. “ನೀವೇ ಅವರಿಗೆ ಹೇಳಿ ಮೇಡಂ. ನಾನು ಹೇಳುವುದು ಸರಿಯಲ್ಲ.”

ಹೇಳಬೇಕೆಂದೇ ಹೊರಟಳು. ಮರದ ಹತ್ತಿರ ಬರುವ ತನಕ ಮಾತನ್ನು ಜೋಡಿಸಿಕೊಳ್ಳುತ್ತಲೇ ಇದ್ದಳು. ಆದರೆ ಫಿಲೋಮಿನ ಮೀನು ಕೊಯ್ಯುವುದನ್ನು ನಿಲ್ಲಿಸಿ, ಗಿರಾಕಿಗಳನ್ನೂ ಮರೆತು, “ಏನಂದರು ಟೀಚರೆ?” ಎಂದು ಮುಖವೆತ್ತಿದಾಗ, ಆ ಮುಖದಲ್ಲಿ ಅಷ್ಟೊಂದು ಭರವಸೆ ಕಂಡಾಗ, ನಾಲಿಗೆ ತನ್ನ ದಾರಿ ತಾನೇ ಹಿಡಿಯಿತು.

“ಆಫೀಸಿನವರದ್ದು ತಪ್ಪು. ಸರಿಯಾಗಿ ಓದಿಲ್ಲ. ನಾನು ನೋಡಿಕೊಳ್ಳುತ್ತೇನೆ.”

ಹೇಳಿದ ಮರುಕ್ಷಣವೇ ಅದನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಚೀಲ ಹೆಗಲಿಗೇರಿಸಿ ಬಿರಬಿರನೆ ಮನೆಗೆ ಹೋದಳು.

ಹಯವದನ ಊಟಕ್ಕೆ ಬಂದಿದ್ದ. ಸಮಿತಿಯಲ್ಲಿ ಅವನೂ ಒಬ್ಬ ಸದಸ್ಯ. ಹೆಂಡತಿಯನ್ನು ನೋಡಿ ಮುಖ ಅರಳಿಸಿದ.

“ಬಂದ್ಯಾ? ಹೆಂಗಾತು ಕೊಚ್ಚಿ? ಎಲ್ಲಾರೂ ಚಪ್ಪಾಳಿ ಹೊಡದ್ರಂತ? ಇನ್ನ ನಿನ್ನ ಜೋಡಿ ಮಾತಾಡೂದು ಕಷ್ಟ ಅದ ತಾಯಿ.”

“ಮೀನಿನವರ ಹೆಸರು ಹೊಸಬರ ಪಟ್ಟಿಯೊಳಗ ಬಂದದ,” ಎಂದಳು.

“ಗೊತ್ತದ. ನಾನೂ ಅಲ್ಲೇ ಇದ್ನಲ್ಲ. ಮಾತು ಬಲ್ಲವಗ ಜಗಳ ಇಲ್ಲ ಅಂತಾರ ನೋಡು, ಹಂಗಿತ್ತು ನಿನ್ನ ಅರ್ಜಿ. ಎರಡು ನಿಮಿಷದಾಗ ಮುಗೀತು. ಒಬ್ಬರೂ ತಕರಾರು ತಗೀಲಿಲ್ಲ.”

“ನೀವು ಅಲ್ಲೇ ಕೂತು, ಇವರು ಹಳಬರು ಅಂತ ಯಾಕ ಹೇಳಲಿಲ್ಲ?”

“ಅವರೇ ಬರದು ಕೊಟ್ಟಾರ, ಒಂದು ಅವಕಾಶ ಕೊಡ್ರಿ ಅಂತ. ಹೆಂಡತಿ ಬರದದ್ದು ತಪ್ಪು ಅಂತ ಮೀಟಿಂಗಿನ್ಯಾಗ ಎದ್ದು ನಿಂತು ಹೇಳಲ್ಯಾ?” ಅವನು ಮಜ್ಜಿಗೆ ಕಲಸಿಕೊಂಡ. “ಬಿಡು, ಚೀಟಿ ಎತ್ತತಾರ, ನಸೀಬ ಇದ್ರ ಸಿಗತದ. ಇಲ್ಲಂದ್ರ ಗೇಟಿನ ಕಡೆ ವಾಸನಿ ಒಂದೀಟು ಕಡಿಮಿ ಆಗತದ.”

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ವಿನೋದಾಳಿಗೆ ಹೆಚ್ಚು ಚುಚ್ಚಿತು. ಈ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ ಗೇಟು ದಾಟುವಾಗ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದವಳು ಅವಳೇ. ಆಮೇಲೆ ಹಿಡಿಯುವುದನ್ನು ಬಿಟ್ಟಳು. ವಾಸನೆ ಹೋಯಿತೆಂದಲ್ಲ, ನೋಡಿದವರು ಏನೆಂದಾರು ಎಂದು. ಒಳಗೆ ಹೋಗಿ ಪ್ರಮಾಣಪತ್ರವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿದಳು.

ಸಂಜೆ ಟ್ಯೂಷನ್ ಮುಗಿಸಿ ಬಂದ ಅಪೂರ್ವಾ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು. ಅವಳು ಕನ್ನಡ ಕೇಳುತ್ತಾಳೆ, ಉತ್ತರ ಮಾತ್ರ ಮಲಯಾಳದಲ್ಲಿ. ತಾಯಿ ಅದನ್ನು ತನ್ನೊಳಗೇ ಕನ್ನಡ ಮಾಡಿಕೊಳ್ಳುತ್ತಾಳೆ, ಅಕ್ಕ ಎನ್ನುವ ಚೇಚಿ, ಅಣ್ಣ ಎನ್ನುವ ಚೇಟನ್ ಬಿಟ್ಟು.

“ಅಮ್ಮೇ, ಗೇಟಿನ ಹತ್ತಿರ ದೊಡ್ಡ ರಂಪ. ಫಿಲೋಮಿನ ಚೇಚಿ ಮನೋಜ್ ಚೇಟನನ್ನು ನಿಲ್ಲಿಸಿಕೊಂಡು ಬಯ್ದರು. ನಮ್ಮ ಟೀಚರ್ ಚೊಕ್ಕ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ, ನಿನಗೆ ಓದಲು ಬರುವುದಿಲ್ಲ, ಅದು ಹೇಗೆ ಕೆಲಸ ಸಿಕ್ಕಿತು ನಿನಗೆ ಅಂತ. ಅಷ್ಟು ಜನರ ಮುಂದೆ. ಪಾಪ, ಚೇಟನ್ ಒಂದು ಮಾತೂ ಆಡದೆ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹೋದರು.”

ವಿನೋದಾ ಎದ್ದು ಬಾಗಿಲು ಹಾಕಿದಳು. ಆಮೇಲೆ ಮಗಳಿಗೆ ಎಲ್ಲ ಹೇಳಿದಳು. ನೋಟ್‌ಬುಕ್ ತೋರಿಸಿದಳು. ಅಪೂರ್ವಾ ಕನ್ನಡ ಅಕ್ಷರದಲ್ಲಿದ್ದ ಮಲಯಾಳವನ್ನು ಕಷ್ಟಪಟ್ಟು ಓದಿದಳು, ಮತ್ತೆ ಫಕ್ಕನೆ ನಕ್ಕುಬಿಟ್ಟಳು. “ಅಮ್ಮೇ, ಆಪರ್ಚುನಿಟಿಗೆ ನಾವು ಅವಸರಂ ಅನ್ನುವುದು.”

“ಅವಸರ ಅಂದ್ರ ಗಡಿಬಿಡಿ ಅಲ್ಲೇನು?”

ಅಪೂರ್ವಾ ಇನ್ನೂ ನಗುತ್ತಿದ್ದಳು. ತಾಯಿಯ ಮುಖ ನೋಡಿದ ಮೇಲೆ ನಗು ನಿಲ್ಲಿಸಿ ಪಕ್ಕ ಬಂದು ಕೂತಳು. ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು: “ನನಗ ಯಾಕ ಒಂದ್ಸಲ ತೋರಿಸಲಿಲ್ಲ?”

ಉತ್ತರ ವಿನೋದಾಳಿಗೆ ಗೊತ್ತಿತ್ತು. ಮಗಳಿಗೆ ತೋರಿಸಿದ್ದರೆ ಅದು ತಾನೊಬ್ಬಳೇ ಬರೆದದ್ದು ಆಗುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಎದ್ದು ಅಡಿಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಹೊಸ ಅರ್ಜಿ ಬರೆದಳು. ಈ ಸಲ ನಿಘಂಟು ಪಕ್ಕದಲ್ಲೇ ಇತ್ತು. ಇಪ್ಪತ್ತೆರಡು ವರ್ಷದಿಂದ ಕೂರುತ್ತಿದ್ದೇವೆ, ಈ ಜಾಗದ ಮೇಲೆ ನಮಗೆ ಹಕ್ಕಿದೆ. ಎರಡು ಸಾಲಿಗೆ ಮುಗಿಯಿತು. ಕಾರಣ ಹೇಳುವ ಸಾಲು ಮಾತ್ರ ಏಳದಾಯಿತು. ಬಹಳ ಹೊತ್ತು ಪೆನ್ನಿಗೆ ಕ್ಯಾಪು ಹಾಕಿ ತೆಗೆದು ಮಾಡಿ, ಕಡೆಗೆ ‘ಹಿಂದಿನ ಅರ್ಜಿಯಲ್ಲಿ ಒಂದು ತಪ್ಪು ನುಸುಳಿದೆ’ ಎಂದು ಬರೆದಳು. ಮಾಡಿದವರಿಲ್ಲದ ವಾಕ್ಯ. ಇಂಥ ವಾಕ್ಯಗಳನ್ನು ಸರ್ಕಾರಿ ನೋಟೀಸುಗಳಲ್ಲಿ ಹುಡುಕಿ ಹಿಡಿದು, ಇಲ್ಲಿ ತಪ್ಪು ಮಾಡಿದವನು ಎಲ್ಲಿ ಅಡಗಿದ್ದಾನೆ ಹೇಳಿ ಎಂದು ಜೋಸೆಫ್ ಮಾಷ್ ಕೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು ವಿನೋದಾ. ಅದು ಗೊತ್ತಿದ್ದೂ ಬರೆದಳು, ಮಡಚಿ ಕೈಚೀಲದಲ್ಲಿ ಇಟ್ಟುಕೊಂಡಳು.

ಹನ್ನೊಂದರ ಹೊತ್ತಿಗೆ ಮರದ ಕೆಳಗೆ ಹೋದಳು. ಗಿರಾಕಿಗಳು ಕಡಿಮೆಯಾಗಲಿ ಎಂದು ಕಾದಳು, ಕಡಿಮೆಯಾಗಲಿಲ್ಲ. ಇಬ್ಬರು ಮತ್ತಿ ಮೀನು ಆರಿಸುತ್ತಿದ್ದರು, ಮೂರನೆಯ ಬ್ಲಾಕಿನ ಹೆಂಗಸೊಬ್ಬಳು ಫೋನಿನಲ್ಲಿ ಮಾತಾಡುತ್ತ ನಿಂತಿದ್ದಳು. ಇನ್ನು ಕಾದರೆ ತಾನು ವಾಪಸ್ ಹೋಗಿಬಿಡುತ್ತೇನೆ ಎಂದು ಅವಳಿಗೆ ಗೊತ್ತಾಯಿತು.

“ಚೇಚಿ, ಮನೋಜನ ತಪ್ಪಲ್ಲ. ಆಫೀಸಿನವರ ತಪ್ಪೂ ಅಲ್ಲ. ನನ್ನ ತಪ್ಪು,” ಎಂದಳು. ಮುಂದಿನದ್ದನ್ನು ಮುರುಕು ಮಲಯಾಳದಲ್ಲಿ ಹೇಗೋ ಹೇಳಿ ಮುಗಿಸಿದಳು. ನಮ್ಮ ಭಾಷೆಯಲ್ಲಿ ಅವಕಾಶ ಅಂದರೆ ಬೇರೆ. ಯಾರಾದರೂ ಕೊಟ್ಟರೆ ಸಿಗುವಂಥದ್ದು. ನಾನು ಅದನ್ನೇ ಬರೆದೆ. ನಿನ್ನೆ ಗೊತ್ತಾಯಿತು. ಗೊತ್ತಾದ ಮೇಲೂ ನಿಮಗೆ ಸುಳ್ಳು ಹೇಳಿದೆ.

ಫಿಲೋಮಿನ ಕೈಯಲ್ಲಿದ್ದ ಕತ್ತಿಯನ್ನು ಮಣೆಯ ಮೇಲೆ ಇಟ್ಟಳು. ಹಿಂದೆ ಕೂತಿದ್ದವರಲ್ಲೊಬ್ಬಳು, “ಮೀನು ತಿನ್ನದವರಲ್ಲವಾ. ಬೇಕಂತಲೇ ಬರೆದಿರಬೇಕು,” ಎಂದಳು. ಅಲ್ಲ ಎನ್ನಲು ವಿನೋದಾ ಬಾಯಿ ತೆರೆದಳು. ಅಲ್ಲವೆನ್ನುವುದು ನಿಜ. ಆದರೆ ಇಸ್ತ್ರಿಯವನು ಇದೇ ಅವಕಾಶಂ ಎಂದಿದ್ದರೆ ತಾನು ಇಷ್ಟು ಸುಲಭವಾಗಿ ಕರುಣಿಸಬೇಕು ಎಂದು ಬರೆಯುತ್ತಿದ್ದೆನೇ? ಫಿಲೋಮಿನ ಮೊಣಕಾಲು ಗುದ್ದಿಕೊಂಡು ಹೇಳುವಾಗ, ಬೇಡುವವರು ಹಾಗೆ ಗುದ್ದಿಕೊಳ್ಳುವುದಿಲ್ಲ ಎಂದು ಯಾಕೆ ಹೊಳೆಯಲಿಲ್ಲ? ಮೀನು ಮಾರುವವಳು ಬೇಡುತ್ತಿದ್ದಾಳೆ ಎಂದು ತನಗೆ ಮೊದಲೇ ಖಾತ್ರಿಯಿತ್ತಲ್ಲ. ಬಾಯಿ ಮುಚ್ಚಿಕೊಂಡಳು.

“ಬೇಡಲು ಬಾಯಿ ಸಾಕಲ್ಲವಾ ಟೀಚರೆ,” ಎಂದಳು ಫಿಲೋಮಿನ. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. “ಬೇಡುವುದಕ್ಕೆ ಯಾರಾದರೂ ಕಾಗದ ಬರೆಸುತ್ತಾರಾ? ನಾನು ನಿಮ್ಮ ಹತ್ತಿರ ಕಾಗದ ಬರೆಸಿದ್ದು ಯಾಕೆ ಅಂದುಕೊಂಡಿರಿ?”

ಮತ್ತಿ ಆರಿಸುತ್ತಿದ್ದವರು ಆರಿಸುವುದನ್ನು ನಿಲ್ಲಿಸಿದ್ದರು. ಫೋನಿನ ಹೆಂಗಸೂ ಮಾತು ನಿಲ್ಲಿಸಿದ್ದಳು.

“ಆ ಹುಡುಗನಿಗೆ ನಿನ್ನೆ ನಾನು ಏನೇನು ಅಂದೆ. ಅವನ ತಾಯಿಯನ್ನೂ ಬಿಡಲಿಲ್ಲ.” ಫಿಲೋಮಿನ ಮಣೆಯ ಮೇಲೆ ನೀರು ಸುರಿದಳು. “ಅವನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ. ಕಾಗದಕ್ಕೆ ನಾಲ್ಕು ಗಂಟೆಗೆ ಬರುತ್ತೇವೆ. ನಿಮ್ಮ ಮಗಳನ್ನು ಕರೆದುಕೊಂಡು ಬನ್ನಿ.”

“ಅಪೂರ್ವಾ ಯಾಕೆ?”

“ಅವಳಿಗೆ ಮಲಯಾಳ ಬರುತ್ತದೆ.”

ನಾಲ್ಕು ಗಂಟೆಗೆ ಆಫೀಸಿನ ಜಗುಲಿಯಲ್ಲಿ ಎಲ್ಲರೂ ಸೇರಿದರು. ನಾಲ್ವರು ಹೆಂಗಸರು ಕೈಕಾಲು ತೊಳೆದು, ತಲೆ ಬಾಚಿಕೊಂಡು ಬಂದಿದ್ದರು. ಮನೋಜ್ ಬಾಗಿಲಲ್ಲಿ ನಿಂತಿದ್ದ. ಫಿಲೋಮಿನ ಅವನ ಹತ್ತಿರ ಹೋಗಿ ಏನೋ ಮೆಲ್ಲಗೆ ಹೇಳಿದಳು, ಅವನು ತಲೆಯಾಡಿಸಿದ. ಶಾಲೆಯ ಸಮವಸ್ತ್ರದಲ್ಲೇ ಇದ್ದ ಅಪೂರ್ವಾ ಕಾಗದ ತೆಗೆದುಕೊಂಡು ಒಂದೊಂದು ಸಾಲನ್ನೂ ಮಲಯಾಳದಲ್ಲಿ ಬಿಡಿಸಿ ಹೇಳತೊಡಗಿದಳು. ಇಪ್ಪತ್ತೆರಡು ವರ್ಷಕ್ಕೆ ನಾಲ್ವರೂ ತಲೆಯಾಡಿಸಿದರು. ಅವಕಾಶಂ ಎಂಬಲ್ಲಿ ಫಿಲೋಮಿನ ಕೈಯೆತ್ತಿ ನಿಲ್ಲಿಸಿ, ಇಂಗ್ಲಿಷಿನ ಆ ಶಬ್ದ ಯಾವುದು, ತೋರಿಸು ಎಂದಳು. ಅಪೂರ್ವಾ ಬೆರಳಿಟ್ಟು ತೋರಿಸಿದಳು. ಫಿಲೋಮಿನ ಬಗ್ಗಿ ಆ ಅಕ್ಷರಗಳನ್ನು ನೋಡಿದಳು, ಅವಳಿಗೆ ಅವು ಓದಲು ಬಾರದಿದ್ದರೂ.

“ಹಿಂದಿನ ಅರ್ಜಿಯಲ್ಲಿ ಒಂದು ತಪ್ಪು ನುಸುಳಿದೆ,” ಎಂದು ಅಪೂರ್ವಾ ಮುಂದಕ್ಕೆ ಹೇಳಿದಳು.

“ಯಾರು ಮಾಡಿದ ತಪ್ಪು ಅಂತ ಇದೆಯಾ ಅದರಲ್ಲಿ?”

ಅಪೂರ್ವಾ ಕಾಗದ ನೋಡಿದಳು, ತಾಯಿಯನ್ನು ನೋಡಿದಳು. “ಇಲ್ಲ.”

“ಹಾಗಾದರೆ ನಾವು ಮಾಡಿದ್ದು ಅಂತ ಆಗುತ್ತದೆ. ಕೆಳಗೆ ನಮ್ಮ ಸಹಿ ತಾನೇ ಇರುವುದು.”

ಮನೋಜ್ ಎಲ್ಲೋ ನೋಡತೊಡಗಿದ. ಅಪೂರ್ವಾ, “ನಾನು ಬೇರೆ ಬರೆಯಲಾ ಚೇಚಿ?” ಎಂದು ಕೇಳಿದಳು. “ಬೇಡ ಮೋಳೆ, ಬರೆದವರೇ ಬರೆಯಲಿ,” ಎಂದಳು ಫಿಲೋಮಿನ, ತನ್ನ ಮಗಳನ್ನು ಕರೆಯುವಂತೆ.

ವಿನೋದಾ ಹೊಸ ಹಾಳೆ ಕೇಳಿ ತೆಗೆದುಕೊಂಡಳು. ಜಗುಲಿಯಲ್ಲಿ ಮೇಜಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು, ಎಲ್ಲರಿಗೂ ಬೆನ್ನು ಮಾಡಿ ಬರೆದಳು. ಹಕ್ಕಿನ ಎರಡು ಸಾಲು ಮೊದಲಿನಂತೆಯೇ ಬಂತು. ಮೂರನೆಯ ಸಾಲಿಗೆ ಕೈ ತಡೆಯಿತು. ತಾನು ಬರೆಯಬೇಕಾದದ್ದನ್ನು ಸಮಿತಿಯಲ್ಲಿ ಒಡಿಶಾದ ಅಧ್ಯಕ್ಷರು ಗಟ್ಟಿಯಾಗಿ ಓದುತ್ತಾರೆ, ಹಯವದನ ಅಲ್ಲೇ ಕೂತಿರುತ್ತಾನೆ. ನಾಳೆ ಮೂರು ಬ್ಲಾಕಿನವರಿಗೂ ಗೊತ್ತಾಗುತ್ತದೆ. ಜೋಸೆಫ್ ಮಾಷ್‌ಗೂ ತಾನೇ ಹೇಳಬೇಕು. ಬರೆದಳು. ಮುಗಿಸಿ, ಒಮ್ಮೆಯೂ ತಿರುಗಿ ಓದದೆ ಮಗಳ ಕೈಗೆ ಕೊಟ್ಟಳು.

ಅಪೂರ್ವಾ ಮೊದಲ ಸಾಲು ಹೇಳಿದಳು. ಎರಡನೆಯದನ್ನು ಹೇಳಿದಳು. ಆಮೇಲೆ ಅವಳ ಕಣ್ಣು ಕಾಗದದ ಮೇಲೆ ಒಂದೆಡೆ ನಿಂತಿತು, ಮತ್ತೆ ಕೆಳಕ್ಕೆ ಜಾರಿತು. “ಅಷ್ಟೇ. ಕೆಳಗೆ ನಿಮ್ಮ ನಾಲ್ವರ ಹೆಸರಿದೆ,” ಎಂದಳು.

“ಒಂದು ಸಾಲು ಬಿಟ್ಟಿ,” ಎಂದಳು ವಿನೋದಾ, ಕನ್ನಡದಲ್ಲಿ.

“ಅಮ್ಮೇ, ಅದು ಇರಲಿ ಬಿಡು.”

“ಓದು.”

ಅಪೂರ್ವಾಳ ಕಿವಿ ಕೆಂಪಾಗಿತ್ತು. ನೆಲ ನೋಡುತ್ತ, ಹಾಳೆ ನೋಡದೆಯೇ ಹೇಳಿದಳು. “ಮೊದಲಿನ ಅರ್ಜಿ ಬರೆದ ವಿನೋದಾ ಎಂಬ ನನಗೆ ಇವರ ಭಾಷೆ ಬರುವುದಿಲ್ಲ. ಬರುತ್ತದೆ ಎಂದುಕೊಂಡಿದ್ದೆ. ಇವರು ಹಕ್ಕು ಕೇಳಿದ್ದನ್ನು ನಾನು ಭಿಕ್ಷೆ ಎಂದು ಬರೆದೆ.”

ಬೇಕಂತಲೇ ಬರೆದಿರಬೇಕು ಎಂದಿದ್ದ ಹೆಂಗಸು ಹಾಳೆಯ ಕಡೆ ಕತ್ತು ಚಾಚಿದಳು.

“ಇನ್ನೊಂದು ಸಲ ಹೇಳು ಮೋಳೆ,” ಎಂದಳು ಫಿಲೋಮಿನ.

ಅಪೂರ್ವಾ ಇನ್ನೊಂದು ಸಲ ಹೇಳಿದಳು. ವಿನೋದಾ ಕಿಟಕಿಯ ಸರಳು ಹಿಡಿದು ನಿಂತು ಮೊದಲಿನಿಂದ ಕಡೆಯ ತನಕ ಕೇಳಿದಳು.

ಫಿಲೋಮಿನ ಪೆನ್ನಿಗಾಗಿ ಕೈ ಚಾಚಿದಳು. ಮತ್ತೆ ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡು, ತೊಳೆದು ಬಂದಿದ್ದ ಅಂಗೈಯನ್ನು ಹೆಗಲ ವಸ್ತ್ರಕ್ಕೆ ಇನ್ನೊಮ್ಮೆ ಒರೆಸಿಕೊಂಡಳು, ಮೂಸಿ ನೋಡಿದಳು, ಇನ್ನೂ ಒಂದು ಸಲ ಒರೆಸಿಕೊಂಡಳು. ಆಮೇಲೆ ಹಾಳೆಯ ಮೇಲೆ ಬಗ್ಗಿ, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ, ತನ್ನ ಹೆಸರು ಬರೆಯತೊಡಗಿದಳು.